ಬ್ರೌಸರ್‌ನಲ್ಲಿ ಶಾರ್ಟ್‌ಕಟ್ ಕೀಲಿಗಳು ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ

ಮೌಸ್ ಮುಟ್ಟದೆ ಹೊಸ ಟ್ಯಾಬ್ ತೆರೆಯಲು ಕಂಟ್ರೋಲ್ ಮತ್ತು ಟಿ, ಪುಟದೊಳಗೆ ಪದ ಹುಡುಕಲು ಕಂಟ್ರೋಲ್ ಮತ್ತು ಎಫ್, ನಕಲಿಸಲು ಕಂಟ್ರೋಲ್ ಮತ್ತು ಸಿ, ಅಂಟಿಸಲು ಕಂಟ್ರೋಲ್ ಮತ್ತು ವಿ. ಗಣಕದ ಮುಂದೆ ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಈ ಜೋಡಿಗಳು ಕೈಗೆ ರೂಢಿಯಾಗಿಬಿಟ್ಟಿರುತ್ತವೆ. ಇವು ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದಾಗ ಕೀಲಿಮಣೆ ಕೆಟ್ಟಿತೆಂದು ಹೊಸದನ್ನು ಕೊಳ್ಳುವವರು ಕೆಲವರು. ಬ್ರೌಸರ್ ಕೆಟ್ಟಿತೆಂದು ಅದನ್ನು ಕಿತ್ತುಹಾಕಿ ಮತ್ತೆ ಸ್ಥಾಪಿಸುವವರು ಇನ್ನು ಕೆಲವರು. ಅನೇಕ ಸಂದರ್ಭಗಳಲ್ಲಿ ಇವೆರಡೂ ಅನಗತ್ಯ. ಬ್ರೌಸರ್ ತೆಗೆದುಹಾಕುವಾಗ ಅದರೊಳಗಿನ ಮಾಹಿತಿಯನ್ನೂ ಅಳಿಸುವ ಆಯ್ಕೆಗೆ ಒಪ್ಪಿಗೆ ಕೊಟ್ಟುಬಿಟ್ಟರೆ, ಬೇರೆಡೆ ಪ್ರತಿ ಇಲ್ಲದ ಬುಕ್‌ಮಾರ್ಕ್‌ಗಳೂ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಕೈತಪ್ಪುತ್ತವೆ.

ಶಾರ್ಟ್‌ಕಟ್ ಎಂಬುದು ಕೇವಲ ಅವಸರದವರ ಅನುಕೂಲವೂ ಅಲ್ಲ. ದೃಷ್ಟಿದೋಷವುಳ್ಳವರು, ಕೈನಡುಕ ಅಥವಾ ಮಣಿಕಟ್ಟಿನ ನೋವಿನಿಂದ ಮೌಸ್ ಹಿಡಿಯಲಾರದವರು ಕೀಲಿಮಣೆಯೊಂದನ್ನೇ ನಂಬಿ ಅಂತರಜಾಲ ಬಳಸುತ್ತಾರೆ. ಅವರ ಪಾಲಿಗೆ ಶಾರ್ಟ್‌ಕಟ್ ನಿಂತಿತೆಂದರೆ ಕೆಲಸವೇ ನಿಂತಂತೆ.

ಒತ್ತಿದ ಕೀಲಿ ಸಾಗುವ ದಾರಿ

ಬೆರಳು ಒತ್ತಿದ ಕೀಲಿ ನೇರವಾಗಿ ಜಾಲಪುಟವನ್ನು ತಲುಪುವುದಿಲ್ಲ. ಮೊದಲು ಕೀಲಿಮಣೆಯ ಯಂತ್ರಾಂಶ ಅದನ್ನು ಗುರುತಿಸಬೇಕು. ನಂತರ ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆ ಅದನ್ನು ಸ್ವೀಕರಿಸಿ, ಆಯ್ಕೆಯಾಗಿರುವ ಭಾಷೆಯ ಕೀಲಿಮಣೆ ವಿನ್ಯಾಸಕ್ಕೆ ಅನುಗುಣವಾಗಿ ಅಕ್ಷರವನ್ನು ನಿರ್ಧರಿಸುತ್ತದೆ. ಹಿನ್ನೆಲೆಯಲ್ಲಿ ಓಡುತ್ತಿರುವ ಇತರ ತಂತ್ರಾಂಶಗಳು ಕೆಲವು ಜೋಡಿಗಳನ್ನು ನಡುವೆಯೇ ಹಿಡಿದುಕೊಳ್ಳಬಲ್ಲವು. ಉಳಿದುದು ಬ್ರೌಸರ್‌ಗೆ ಬರುತ್ತದೆ. ಅಲ್ಲಿ ಬ್ರೌಸರ್, ಅದಕ್ಕೆ ಸೇರಿಸಿದ ಎಕ್ಸ್‌ಟೆನ್ಷನ್‌ಗಳು ಹಾಗೂ ತೆರೆದಿರುವ ಜಾಲಪುಟ ಈ ಮೂವರ ನಡುವೆ ಕೀಲಿ ಯಾರ ಪಾಲಿಗೆ ಎಂಬುದು ತೀರ್ಮಾನವಾಗುತ್ತದೆ.

ಆದ್ದರಿಂದ ಕೀಲಿ ಏಕೆ ಕೆಲಸ ಮಾಡುತ್ತಿಲ್ಲ ಎಂದು ಚಿಂತಿಸುವುದಕ್ಕಿಂತ, ಈ ದಾರಿಯಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಕೇಳಿಕೊಳ್ಳುವುದು ಲೇಸು. ಅದನ್ನು ತಿಳಿಯಲು ಮೂರು ಸರಳ ಪರೀಕ್ಷೆಗಳು ಸಾಕು.

ಮೊದಲನೆಯದು, ನೋಟ್‌ಪ್ಯಾಡ್ ತೆರೆದು ನಾಲ್ಕು ಪದ ಬೆರಳಚ್ಚಿಸಿ, ಕಂಟ್ರೋಲ್ ಜೊತೆ ಎ, ಸಿ ಮತ್ತು ವಿ ಒತ್ತಿ ನೋಡುವುದು. ಅಲ್ಲಿಯೂ ಕೆಲಸವಾಗದಿದ್ದರೆ ದೋಷ ಬ್ರೌಸರ್‌ನದಲ್ಲ. ಎರಡನೆಯದು, ಬ್ರೌಸರ್‌ನಲ್ಲಿ ಬೇರೊಂದು ಜಾಲತಾಣ ತೆರೆದು ಅದೇ ಕೀಲಿಯನ್ನು ಒತ್ತುವುದು. ಅಲ್ಲಿ ಸರಿಯಾಗಿದ್ದರೆ ಕಾರಣ ಮೊದಲಿನ ಜಾಲತಾಣದಲ್ಲಿದೆ. ಮೂರನೆಯದು, ಖಾಸಗಿ ಕಿಟಕಿಯಲ್ಲಿ ಪ್ರಯತ್ನಿಸುವುದು. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಬಳಕೆದಾರ ಅನುಮತಿ ಕೊಟ್ಟಿರದ ಹೊರತು, ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ. ಅಲ್ಲಿ ಕೀಲಿ ಸರಿಯಾಗಿ ನಡೆದರೆ ಅನುಮಾನ ಎಕ್ಸ್‌ಟೆನ್ಷನ್‌ಗಳತ್ತ ತಿರುಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದೇ ಉದ್ದೇಶಕ್ಕೆ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಎಂಬ ಆಯ್ಕೆಯಿದೆ. ಹಿಂದೆ ಇದನ್ನು ಸೇಫ್ ಮೋಡ್ ಎಂದು ಕರೆಯಲಾಗುತ್ತಿತ್ತು.

ಕೀಲಿಮಣೆಯಲ್ಲೇ ದೋಷವಿದ್ದರೆ

ಎಡಬದಿಯ ಕಂಟ್ರೋಲ್ ಕೀಲಿ ಸವೆದು ಬಲಬದಿಯದು ಚೆನ್ನಾಗಿರುವುದು ಸಾಮಾನ್ಯ. ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ನಿಸ್ತಂತು ಕೀಲಿಮಣೆಯಾದರೆ ಬ್ಯಾಟರಿ ಬದಲಿಸಿ ನೋಡಬೇಕು. ಕಡಿಮೆ ಬೆಲೆಯ ಕೆಲವು ಕೀಲಿಮಣೆಗಳು ಎರಡು ಕೀಲಿಗಳನ್ನು ಒಟ್ಟಿಗೆ ಗುರುತಿಸಿದರೂ ಕೆಲವು ಮೂರು ಕೀಲಿಗಳ ಜೋಡಣೆಯನ್ನು ಗುರುತಿಸಲಾರವು. ಕಂಟ್ರೋಲ್ ಮತ್ತು ಟಿ ನಡೆದು, ಕಂಟ್ರೋಲ್, ಶಿಫ್ಟ್ ಮತ್ತು ಟಿ ಮಾತ್ರ ನಡೆಯದಿದ್ದರೆ ಈ ಸಾಧ್ಯತೆಯನ್ನೂ ಪರಿಗಣಿಸಬೇಕು.

ಲ್ಯಾಪ್‌ಟಾಪ್‌ಗಳಲ್ಲಿ ಎಫ್5 ಒತ್ತಿದಾಗ ಪುಟ ಮರುಲೋಡ್ ಆಗುವ ಬದಲು ಪರದೆಯ ಬೆಳಕು ಅಥವಾ ಧ್ವನಿಯ ಪ್ರಮಾಣ ಬದಲಾಗುವುದುಂಟು. ಮೇಲಿನ ಸಾಲಿನ ಕೀಲಿಗಳಿಗೆ ತಯಾರಕರು ಎರಡು ಕೆಲಸ ವಹಿಸಿರುವುದೇ ಇದಕ್ಕೆ ಕಾರಣ. ಎಫ್ಎನ್ ಕೀಲಿಯ ಜೊತೆ ಎಫ್5 ಒತ್ತಿದರೆ ಮೂಲ ಕೆಲಸ ನಡೆಯುತ್ತದೆ. ಅನೇಕ ಮಾದರಿಗಳಲ್ಲಿ ಎಫ್ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಈ ಅದಲುಬದಲನ್ನು ಶಾಶ್ವತಗೊಳಿಸಬಹುದು. ಅಲ್ಲಿಯವರೆಗೆ ಕಂಟ್ರೋಲ್ ಮತ್ತು ಆರ್ ಒತ್ತಿಯೂ ಪುಟವನ್ನು ಮರುಲೋಡ್ ಮಾಡಬಹುದು.

ತಿಳಿಯದೆ ಚಾಲೂ ಆಗುವ ಸೌಲಭ್ಯಗಳು

ಒಂದೇ ಬಾರಿಗೆ ಎರಡು ಕೀಲಿ ಒತ್ತಲಾಗದವರಿಗಾಗಿ ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಎಂಬ ಸೌಲಭ್ಯವಿದೆ. ಶಿಫ್ಟ್ ಕೀಲಿಯನ್ನು ಸತತ 5 ಬಾರಿ ಒತ್ತಿದರೆ ಇದನ್ನು ಚಾಲೂ ಮಾಡಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ. ಓದದೆ ಒಪ್ಪಿಗೆ ಕೊಟ್ಟವರಿಗೆ ನಂತರ ವಿಚಿತ್ರ ಅನುಭವಗಳಾಗುತ್ತವೆ. ಸ್ಟಿಕಿ ಕೀಸ್ ಚಾಲೂ ಇರುವಾಗ ಕಂಟ್ರೋಲ್ ಕೀಲಿಯನ್ನು ಎರಡು ಬಾರಿ ಒತ್ತಿದರೆ ಅದು ಒತ್ತಿದ ಸ್ಥಿತಿಯಲ್ಲೇ ಉಳಿಯುತ್ತದೆ. ಆಮೇಲೆ ಡಬ್ಲ್ಯು ಅಕ್ಷರ ಬೆರಳಚ್ಚಿಸಲು ಹೋದರೆ ಟ್ಯಾಬ್ ಮುಚ್ಚಿಹೋಗುತ್ತದೆ! ಕಂಟ್ರೋಲ್ ಅನ್ನು ಇನ್ನೊಮ್ಮೆ ಒತ್ತಿದರೆ ಬಂಧ ಬಿಡುತ್ತದೆ.

ಫಿಲ್ಟರ್ ಕೀಸ್ ಇದರ ಜೊತೆಗಾರ. ಬಲಬದಿಯ ಶಿಫ್ಟ್ ಕೀಲಿಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಇದರ ಪ್ರಶ್ನೆ ಮೂಡುತ್ತದೆ. ಕೈನಡುಕವುಳ್ಳವರಿಗಾಗಿ ರೂಪಿಸಿದ ಈ ಸೌಲಭ್ಯ, ಕ್ಷಣಮಾತ್ರ ಒತ್ತಿದ ಅಥವಾ ಬೇಗಬೇಗನೆ ಮರಳಿ ಒತ್ತಿದ ಕೀಲಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡುತ್ತದೆ. ವೇಗವಾಗಿ ಬೆರಳಚ್ಚಿಸುವವರಿಗೆ ಕೀಲಿಮಣೆಯೇ ಸತ್ತಂತೆ ಭಾಸವಾಗುತ್ತದೆ. ವಿಂಡೋಸ್ 11ರಲ್ಲಿ ಇವೆರಡೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದ ಕೀಬೋರ್ಡ್ ಪುಟದಲ್ಲಿ ಸಿಗುತ್ತವೆ. ಬೇಡದವರು ಅಲ್ಲಿಯೇ ಶಿಫ್ಟ್ ಕೀಲಿಯ ಈ ಕರೆಯನ್ನೂ ನಿಲ್ಲಿಸಬಹುದು. ಮನೆಯಲ್ಲಿ ಬೇರೆಯವರಿಗೆ ಇವುಗಳ ಅಗತ್ಯವಿದೆಯೇ ಎಂದು ಕೇಳಿ ನಿಲ್ಲಿಸುವುದು ಉಚಿತ.

ಕನ್ನಡ ವಿನ್ಯಾಸ ಆಯ್ಕೆಯಾಗಿರುವಾಗ

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಹಂತವಿದು. ವಿಂಡೋಸ್‌ನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸ ಆಯ್ಕೆಯಾಗಿದ್ದರೂ ಕಂಟ್ರೋಲ್ ಜೊತೆಗಿನ ಸಾಮಾನ್ಯ ಜೋಡಿಗಳು ಎಂದಿನಂತೆ ನಡೆಯುತ್ತವೆ. ವ್ಯವಸ್ಥೆ ಆ ಕೀಲಿಗಳನ್ನು ಆಂತರಿಕ ಸಂಕೇತದಿಂದ ಗುರುತಿಸುವುದರಿಂದ ಅಕ್ಷರ ಬದಲಾದರೂ ತೊಡಕಾಗುವುದಿಲ್ಲ. ತೊಂದರೆ ಕಾಣಿಸಿಕೊಳ್ಳುವುದು ಜಾಲತಾಣಗಳು ತಾವೇ ರೂಪಿಸಿಕೊಂಡ ಶಾರ್ಟ್‌ಕಟ್‌ಗಳಲ್ಲಿ.

ಒತ್ತಿದ ಕೀಲಿಯ ಬಗ್ಗೆ ಬ್ರೌಸರ್ ಜಾಲಪುಟಕ್ಕೆ ಎರಡು ಬಗೆಯ ಮಾಹಿತಿ ಕೊಡುತ್ತದೆ. ಒಂದು, ಮೂಡಿದ ಅಕ್ಷರ ಯಾವುದು; ಇನ್ನೊಂದು, ಕೀಲಿಮಣೆಯ ಮೇಲೆ ಆ ಕೀಲಿ ಇರುವ ಸ್ಥಾನ ಯಾವುದು. ಇನ್‌ಸ್ಕ್ರಿಪ್ಟ್‌ನಲ್ಲಿ ಜೆ ಇರುವ ಜಾಗದಲ್ಲಿ 'ರ', ಸಿ ಇರುವ ಜಾಗದಲ್ಲಿ 'ಮ', ಎಚ್ ಇರುವ ಜಾಗದಲ್ಲಿ 'ಪ' ಇದೆ. ಅಕ್ಷರವನ್ನಷ್ಟೇ ನೋಡುವಂತೆ ಬರೆದ ಜಾಲತಾಣ ಜೆ ಬರಲಿ ಎಂದು ಕಾಯುತ್ತಿರುವಾಗ ಅದಕ್ಕೆ ದೊರೆಯುವುದು 'ರ'. ಪರಿಣಾಮವಾಗಿ ಏನೂ ನಡೆಯುವುದಿಲ್ಲ. ವಿಂಡೋಸ್ ಮತ್ತು ಸ್ಪೇಸ್ ಕೀಲಿ ಒತ್ತಿ ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿದೊಡನೆ ಶಾರ್ಟ್‌ಕಟ್ ಮರಳಿ ಬಂದರೆ ಇದೇ ಕಾರಣವೆಂದು ತಿಳಿಯಬೇಕು.

ಎಡಬದಿಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೂ ಭಾಷೆ ಬದಲಾಗುವ ವ್ಯವಸ್ಥೆ ವಿಂಡೋಸ್‌ನಲ್ಲಿದೆ. ಇದೇ ಎರಡು ಕೀಲಿಗಳನ್ನು ಒಳಗೊಂಡ ಶಾರ್ಟ್‌ಕಟ್ ಬಳಸುವವರು ತಮಗರಿವಿಲ್ಲದೆ ಕನ್ನಡಕ್ಕೆ ಜಾರಿರುತ್ತಾರೆ. ಸೆಟ್ಟಿಂಗ್ಸ್‌ನ ಟೈಪಿಂಗ್ ಪುಟದಲ್ಲಿರುವ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಈ ಜೋಡಿಯನ್ನು ರದ್ದುಪಡಿಸಬಹುದು. ಪ್ರತಿ ತಂತ್ರಾಂಶದ ಕಿಟಕಿಗೂ ಬೇರೆಬೇರೆ ಭಾಷೆ ಉಳಿಸಿಕೊಳ್ಳುವ ಆಯ್ಕೆಯೂ ಅಲ್ಲಿಯೇ ಇದೆ. ಒಂದು ಕಿಟಕಿಯಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಬಳಸುವವರಿಗೆ ಇದು ಉಪಯುಕ್ತ.

ನುಡಿ, ಬರಹದಂತಹ ತಂತ್ರಾಂಶಗಳು ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಿಸಲು ತಮ್ಮದೇ ಆದ ಕೀಲಿಯನ್ನು ಕಾದಿರಿಸಿಕೊಂಡಿರುತ್ತವೆ. ಅವು ಹಿನ್ನೆಲೆಯಲ್ಲಿ ಓಡುತ್ತಿರುವಷ್ಟು ಕಾಲ ಆ ಕೀಲಿ ಬ್ರೌಸರ್‌ಗೆ ದಕ್ಕದಿರಬಹುದು. ಅನುಮಾನವಿದ್ದರೆ ಆ ತಂತ್ರಾಂಶವನ್ನು ಸ್ವಲ್ಪ ಹೊತ್ತು ಮುಚ್ಚಿ ಪರೀಕ್ಷಿಸಬೇಕು.

ರೂಪಾಯಿ ಚಿಹ್ನೆಯ ಕಥೆಯೂ ಇಲ್ಲಿ ಪ್ರಸ್ತುತ. 2010ರ ಜುಲೈನಲ್ಲಿ ಕೇಂದ್ರ ಸರ್ಕಾರ ₹ ಚಿಹ್ನೆಯನ್ನು ಅಂಗೀಕರಿಸಿದ ನಂತರ, ವಿಂಡೋಸ್‌ನ ಇಂಗ್ಲಿಷ್-ಇಂಡಿಯಾ ವಿನ್ಯಾಸದಲ್ಲಿ ಬಲಬದಿಯ ಆಲ್ಟ್ ಜೊತೆ 4 ಒತ್ತಿದರೆ ಅದು ಮೂಡುವಂತಾಯಿತು. ಇಂತಹ ವಿನ್ಯಾಸಗಳಲ್ಲಿ ಬಲಬದಿಯ ಆಲ್ಟ್ ಎಂದರೆ ವಿಂಡೋಸ್‌ಗೆ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದಂತೆಯೇ. ಗೂಗಲ್ ಡಾಕ್ಸ್‌ನಲ್ಲಿ 4ನೇ ಹಂತದ ಶೀರ್ಷಿಕೆಗೆ ನಿಗದಿಯಾಗಿರುವುದೂ ಕಂಟ್ರೋಲ್, ಆಲ್ಟ್ ಮತ್ತು 4. ಇಂತಹ ಕಡೆ ಒಂದೇ ಜೋಡಿಗೆ ಇಬ್ಬರು ಹಕ್ಕುದಾರರಿರುವುದರಿಂದ ಶೀರ್ಷಿಕೆಯ ಬದಲು ರೂಪಾಯಿ ಚಿಹ್ನೆ ಮೂಡಬಹುದು. ಕೀಲಿಮಣೆಯನ್ನು ಇಂಗ್ಲಿಷ್-ಯುಎಸ್ ವಿನ್ಯಾಸಕ್ಕೆ ಬದಲಿಸಿ ನೋಡಿದರೆ ಗೊಂದಲ ಬಗೆಹರಿಯುತ್ತದೆ.

ನಡುವೆ ಹಿಡಿದುಕೊಳ್ಳುವ ತಂತ್ರಾಂಶಗಳು

ಪರದೆಯ ಚಿತ್ರ ತೆಗೆಯುವ, ಧ್ವನಿಮುದ್ರಿಸುವ, ಆಟದ ಮೇಲೆ ಮಾಹಿತಿ ತೋರಿಸುವ ತಂತ್ರಾಂಶಗಳು ಇಡೀ ಗಣಕಕ್ಕೆ ಅನ್ವಯವಾಗುವ ಶಾರ್ಟ್‌ಕಟ್‌ಗಳನ್ನು ನೋಂದಾಯಿಸಿಕೊಳ್ಳುತ್ತವೆ. ಇಂಟೆಲ್ ಗ್ರಾಫಿಕ್ಸ್‌ನ ಹಳೆಯ ಚಾಲಕ ತಂತ್ರಾಂಶಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಒತ್ತಿದರೆ ಪರದೆಯೇ ತಲೆಕೆಳಗಾಗುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಹೊಸ ತಂತ್ರಾಂಶ ಸ್ಥಾಪಿಸಿದ ದಿನದಿಂದಲೇ ತೊಂದರೆ ಆರಂಭವಾಗಿದ್ದರೆ ಮೊದಲು ಅದನ್ನೇ ಪರಿಶೀಲಿಸಬೇಕು. ಗಡಿಯಾರದ ಪಕ್ಕದ ಚಿಹ್ನೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರೆ ಹಿಡಿದಿಟ್ಟಿರುವುದು ಯಾರು ಎಂದು ತಿಳಿಯುತ್ತದೆ.

ದೂರದ ಕಚೇರಿಯ ಗಣಕವನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಳಸುವವರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಒತ್ತಿದ ಕೀಲಿ ಯಾವ ಗಣಕಕ್ಕೆ ಸೇರಬೇಕು? ವಿಂಡೋಸ್ ಕೀಲಿಯ ಜೋಡಿಗಳು ಎಲ್ಲಿ ಅನ್ವಯವಾಗಬೇಕೆಂದು ಸಂಪರ್ಕಕ್ಕೆ ಮೊದಲೇ ಲೋಕಲ್ ರಿಸೋರ್ಸಸ್ ಪುಟದಲ್ಲಿ ಆಯ್ದುಕೊಳ್ಳಬಹುದು. ಕಂಟ್ರೋಲ್, ಆಲ್ಟ್ ಮತ್ತು ಡಿಲೀಟ್ ಮಾತ್ರ ಸದಾ ಎದುರಿಗಿರುವ ಗಣಕಕ್ಕೇ ಸಲ್ಲುತ್ತದೆ. ಅತ್ತಕಡೆಗೆ ಅದನ್ನು ಕಳುಹಿಸಲು ಡಿಲೀಟ್ ಬದಲು ಎಂಡ್ ಕೀಲಿ ಬಳಸಬೇಕು.

ಬ್ರೌಸರ್‌ನ ಒಳಗೆ

ಕೀಲಿ ಬ್ರೌಸರ್‌ವರೆಗೆ ಬಂದಿದ್ದರೂ ಅದರ ಗಮನ ಬೇರೆಡೆ ಇರಬಹುದು. ವಿಳಾಸ ಪಟ್ಟಿಯಲ್ಲಿ ಕರ್ಸರ್ ಮಿನುಗುತ್ತಿರುವಾಗ ಜಾಲಪುಟದ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ನಡೆಯುವುದಿಲ್ಲ. ಪುಟದೊಳಗೆ ಹುದುಗಿಸಿದ ವೀಡಿಯೊ ಅಥವಾ ಪಿಡಿಎಫ್ ಮೇಲೆ ಒಮ್ಮೆ ಕ್ಲಿಕ್ ಮಾಡಿದರೂ ಕೀಲಿಗಳು ಅದಕ್ಕೇ ಹೋಗತೊಡಗುತ್ತವೆ. ಪುಟದ ಖಾಲಿ ಜಾಗದಲ್ಲಿ ಕ್ಲಿಕ್ ಮಾಡುವುದು, ಅಥವಾ ಎಫ್6 ಒತ್ತುತ್ತಾ ಬ್ರೌಸರ್‌ನ ಭಾಗಗಳ ನಡುವೆ ಸರಿಯುವುದು ಪರಿಹಾರ.

ಪುಟದಲ್ಲಿ ಎಲ್ಲೆಂದರಲ್ಲಿ ಕರ್ಸರ್ ಕಾಣಿಸಿಕೊಂಡು, ಬಾಣದ ಕೀಲಿ ಒತ್ತಿದರೆ ಪುಟ ಸರಿಯುವ ಬದಲು ಆ ಕರ್ಸರ್ ಚಲಿಸುತ್ತಿದ್ದರೆ ಕ್ಯಾರೆಟ್ ಬ್ರೌಸಿಂಗ್ ಚಾಲೂ ಆಗಿದೆ ಎಂದರ್ಥ. ಕ್ರೋಮ್, ಎಡ್ಜ್ ಮತ್ತು ಫೈರ್‌ಫಾಕ್ಸ್ ಮೂರರಲ್ಲೂ ಎಫ್7 ಒತ್ತಿದರೆ ಅದು ನಿಲ್ಲುತ್ತದೆ. ಫೈರ್‌ಫಾಕ್ಸ್‌ನಲ್ಲಿ ಬೆರಳಚ್ಚಿಸತೊಡಗಿದೊಡನೆ ಪುಟದಲ್ಲಿ ಹುಡುಕುವ ಆಯ್ಕೆಯೊಂದಿದ್ದು, ಅದು ಚಾಲೂ ಇದ್ದರೆ ಜಾಲತಾಣಕ್ಕೆ ಸಲ್ಲಬೇಕಾದ ಒಂಟಿ ಅಕ್ಷರಗಳನ್ನು ಹುಡುಕುಪಟ್ಟಿ ಕಬಳಿಸಬಹುದು.

ಎಕ್ಸ್‌ಟೆನ್ಷನ್‌ಗಳ ಮೇಲೆ ಅನುಮಾನವಿದ್ದರೆ ಎಲ್ಲವನ್ನೂ ಅಳಿಸುವ ಅಗತ್ಯವಿಲ್ಲ. ಕ್ರೋಮ್‌ನ ಎಕ್ಸ್‌ಟೆನ್ಷನ್ಸ್ ಪುಟದಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ಎಂಬ ವಿಭಾಗವಿದೆ. ಯಾವ ಎಕ್ಸ್‌ಟೆನ್ಷನ್ ಯಾವ ಜೋಡಿಯನ್ನು ಪಡೆದಿದೆ ಎಂಬುದು ಅಲ್ಲಿ ಕಾಣುತ್ತದೆ, ಅಲ್ಲಿಯೇ ಬದಲಿಸಲೂಬಹುದು. ಫೈರ್‌ಫಾಕ್ಸ್‌ನಲ್ಲಿ ಆಡ್-ಆನ್ಸ್ ಪುಟದ ಹಲ್ಲಿನ ಚಕ್ರದ ಚಿಹ್ನೆಯನ್ನು ಒತ್ತಿದರೆ ಇದೇ ಬಗೆಯ ಪಟ್ಟಿ ದೊರೆಯುತ್ತದೆ.

ಜಾಲತಾಣವೇ ತಡೆದಾಗ

ಕಂಟ್ರೋಲ್ ಜೊತೆಗಿನ ಟಿ, ಎನ್, ಡಬ್ಲ್ಯು ಮುಂತಾದ ಕೆಲವು ಜೋಡಿಗಳನ್ನು ಬ್ರೌಸರ್‌ಗಳು ಸಾಮಾನ್ಯವಾಗಿ ಜಾಲತಾಣಗಳಿಗೆ ಬಿಟ್ಟುಕೊಡುವುದಿಲ್ಲ. ಟ್ಯಾಬ್ ಮುಚ್ಚುವ ಅಧಿಕಾರ ಬಳಕೆದಾರನ ಕೈಯಲ್ಲೇ ಉಳಿಯಬೇಕೆಂಬುದು ಇದರ ಹಿಂದಿನ ವಿಚಾರ. ಆದರೆ ಎಫ್, ಎಸ್, ಪಿ ಜೊತೆಗಿನ ಜೋಡಿಗಳನ್ನು ಜಾಲತಾಣ ತನ್ನದಾಗಿಸಿಕೊಳ್ಳಬಹುದು. ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ತೆರೆಯುವುದು ಬ್ರೌಸರ್‌ನದಲ್ಲ, ಡಾಕ್ಸ್‌ನದೇ ಹುಡುಕುಪಟ್ಟಿ. ಫೈರ್‌ಫಾಕ್ಸ್ ಬಳಸುವವರು ಕಂಟ್ರೋಲ್ ಮತ್ತು ಐ ಒತ್ತಿ ಪೇಜ್ ಇನ್ಫೊ ಕಿಟಕಿ ತೆರೆದು, ಪರ್ಮಿಷನ್ಸ್ ವಿಭಾಗದಲ್ಲಿ ಆಯಾ ಜಾಲತಾಣಕ್ಕೆ ಈ ಅಧಿಕಾರವನ್ನು ನಿರಾಕರಿಸಬಹುದು.

ಖಾತೆ ಸಂಖ್ಯೆಯನ್ನು ಎರಡನೇ ಬಾರಿ ತುಂಬುವ ಚೌಕದಲ್ಲಿ ಕಂಟ್ರೋಲ್ ಮತ್ತು ವಿ ನಡೆಯದಿದ್ದರೆ ಅದು ದೋಷವಾಗಿರಲಿಕ್ಕಿಲ್ಲ. ನಕಲಿಸಿದ ತಪ್ಪು ಸಂಖ್ಯೆಯೇ ಎರಡೂ ಕಡೆ ಸೇರಬಾರದೆಂದು ಕೆಲವು ಜಾಲತಾಣಗಳು ಅಂಟಿಸುವುದನ್ನು ಉದ್ದೇಶಪೂರ್ವಕವಾಗಿ ತಡೆಯುತ್ತವೆ. ಅಲ್ಲಿ ಅಂಕಿಗಳನ್ನು ಕೈಯಾರೆ ತುಂಬುವುದೇ ದಾರಿ. ಜಿಮೇಲ್‌ನ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳಂತೂ ಬಳಕೆದಾರ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ಆನ್ ಎಂದು ಆಯ್ದು ಉಳಿಸುವವರೆಗೆ ಚಾಲೂ ಆಗುವುದಿಲ್ಲ.

ಕೆಟ್ಟದ್ದಲ್ಲ, ಕಿತ್ತದ್ದು

ಹಿಂದಿನ ಪುಟಕ್ಕೆ ಮರಳಲು ಬ್ಯಾಕ್‌ಸ್ಪೇಸ್ ಒತ್ತುವುದು ಒಂದು ಕಾಲದಲ್ಲಿ ಸರ್ವೇಸಾಮಾನ್ಯವಾಗಿತ್ತು. ಅರ್ಜಿ ತುಂಬುತ್ತಿರುವಾಗ ಕರ್ಸರ್ ಚೌಕದಿಂದ ಹೊರಬಿದ್ದದ್ದನ್ನು ಗಮನಿಸದೆ, ತಪ್ಪು ಅಕ್ಷರ ಅಳಿಸಲೆಂದು ಅದೇ ಕೀಲಿ ಒತ್ತಿದವರ ಪುಟವೇ ಹಿಂದಕ್ಕೆ ಹಾರಿ, ತುಂಬಿದ್ದೆಲ್ಲ ಮಾಯವಾಗುತ್ತಿತ್ತು. ಈ ನಷ್ಟ ತಪ್ಪಿಸಲು ಕ್ರೋಮ್ 2016ರ ಜುಲೈನಲ್ಲಿ ಬಂದ 52ನೇ ಆವೃತ್ತಿಯಲ್ಲಿ ಬ್ಯಾಕ್‌ಸ್ಪೇಸ್‌ನ ಈ ಕೆಲಸವನ್ನು ತೆಗೆದುಹಾಕಿತು. ಫೈರ್‌ಫಾಕ್ಸ್ 2021ರ ಮಾರ್ಚ್‌ನ 87ನೇ ಆವೃತ್ತಿಯಲ್ಲಿ ಅದೇ ಹಾದಿ ಹಿಡಿಯಿತು. ಇಂದು ಹಿಂದಿನ ಪುಟಕ್ಕೆ ಹೋಗಲು ಆಲ್ಟ್ ಮತ್ತು ಎಡಬಾಣ ಬಳಸಬೇಕು. ಹಳೆಯ ರೂಢಿಯೇ ಬೇಕೆನ್ನುವವರು ಫೈರ್‌ಫಾಕ್ಸ್‌ನ ಎಬೌಟ್-ಕಾನ್ಫಿಗ್ ಪುಟದಲ್ಲಿ ಬ್ಯಾಕ್‌ಸ್ಪೇಸ್ ಆಕ್ಷನ್ ಎಂಬ ಆಯ್ಕೆಯ ಮೌಲ್ಯವನ್ನು 0 ಮಾಡಬಹುದು. ಇಂತಹ ಬದಲಾವಣೆಗಳನ್ನು ದುರಸ್ತಿಯಿಂದ ಸರಿಪಡಿಸಲಾಗದು. ಬ್ರೌಸರ್ ನವೀಕರಣಗೊಂಡ ಬೆನ್ನಿಗೇ ಒಂದೇ ಒಂದು ಶಾರ್ಟ್‌ಕಟ್ ನಿಂತಿದ್ದರೆ ಈ ಸಾಧ್ಯತೆಯನ್ನು ನೆನೆಯಬೇಕು.

ತಪ್ಪಿ ಟ್ಯಾಬ್ ಮುಚ್ಚಿದವರಿಗೆ ಕಂಟ್ರೋಲ್, ಶಿಫ್ಟ್ ಮತ್ತು ಟಿ ಆಸರೆ. ಮುಚ್ಚಿದ ಟ್ಯಾಬ್ ಮರಳಿ ತೆರೆಯುತ್ತದೆ. ಆದರೆ ಅರ್ಜಿಯಲ್ಲಿ ತುಂಬಿದ ಮಾಹಿತಿಯೂ ಮರಳುವುದೆಂಬ ಭರವಸೆ ಇಲ್ಲ. ದೀರ್ಘ ಉತ್ತರಗಳನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ.

ಕೀಲಿಮಣೆಯೇ ಕಣ್ಣಾದವರಿಗೆ

ದೃಷ್ಟಿದೋಷವುಳ್ಳವರು ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಇವುಗಳಲ್ಲಿ ಉಚಿತವಾಗಿ ದೊರೆಯುವಂಥದ್ದು; ಅದರ ಜೊತೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಪುಟ ಓದುವ ಸ್ಥಿತಿಯಲ್ಲಿ ಎನ್‌ವಿಡಿಎ ಒಂಟಿ ಅಕ್ಷರಗಳನ್ನು ತಾನೇ ಬಳಸಿಕೊಳ್ಳುತ್ತದೆ. ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ, ಕೆ ಒತ್ತಿದರೆ ಮುಂದಿನ ಕೊಂಡಿಗೆ ಸಾಗುತ್ತದೆ. ಆದ್ದರಿಂದ ಅದೇ ಅಕ್ಷರಗಳ ಮೇಲಿನ ಜಾಲತಾಣದ ಶಾರ್ಟ್‌ಕಟ್‌ಗಳು ಆಗ ನಡೆಯುವುದಿಲ್ಲ. ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿ ಸ್ಥಿತಿ ಬದಲಿಸಬಹುದು. ಒಂದೇ ಒಂದು ಕೀಲಿಯನ್ನು ಪುಟಕ್ಕೆ ದಾಟಿಸಬೇಕಿದ್ದರೆ ಇನ್ಸರ್ಟ್ ಮತ್ತು ಎಫ್2 ಒತ್ತಿ, ನಂತರ ಬೇಕಾದ ಕೀಲಿ ಒತ್ತಬೇಕು.

ಜಾಲತಾಣ ನಿರ್ಮಿಸುವವರ ಹೊಣೆಯೂ ಇಲ್ಲಿದೆ. 2018ರ ಜೂನ್‌ನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.1 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಜಾಲತಾಣದ ಎಲ್ಲ ಕಾರ್ಯಗಳೂ ಕೀಲಿಮಣೆಯಿಂದ ನಡೆಯಬೇಕು. ಒಂಟಿ ಅಕ್ಷರದ ಶಾರ್ಟ್‌ಕಟ್ ಇದ್ದರೆ ಅದನ್ನು ನಿಲ್ಲಿಸುವ ಅಥವಾ ಬದಲಿಸುವ ಅವಕಾಶವಿರಬೇಕು, ಇಲ್ಲವೇ ಸಂಬಂಧಪಟ್ಟ ಭಾಗದ ಮೇಲೆ ಗಮನವಿದ್ದಾಗ ಮಾತ್ರ ಅದು ಕೆಲಸ ಮಾಡಬೇಕು. ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಮೊದಲು ರೂಪುಗೊಂಡ ಮಾರ್ಗಸೂಚಿಯ 2023ರ ಮೂರನೇ ಆವೃತ್ತಿಯೂ ಇದೇ ಮಾನದಂಡವನ್ನು ಅನುಸರಿಸುತ್ತದೆ. ಆದುದರಿಂದ ಕೀಲಿಮಣೆಯಿಂದ ಸಲ್ಲಿಸಲಾಗದ ಸರ್ಕಾರಿ ಅರ್ಜಿಯನ್ನು ಕಂಡವರು ಅದನ್ನು ತಮ್ಮ ಗಣಕದ ಲೋಪವೆಂದು ಭಾವಿಸಿ ಸುಮ್ಮನಾಗಬೇಕಿಲ್ಲ. ಜಾಲತಾಣದ ಲೋಪವೆಂದು ಇಲಾಖೆಯ ಗಮನಕ್ಕೆ ತರಬಹುದು.

ಪರಿಶೀಲನೆಯ ಕ್ರಮ

1. ನೋಟ್‌ಪ್ಯಾಡ್‌ನಲ್ಲಿ ಪರೀಕ್ಷಿಸುವುದು, ಎಡ ಮತ್ತು ಬಲ ಕಂಟ್ರೋಲ್ ಎರಡನ್ನೂ ಒತ್ತಿ ನೋಡುವುದು.

2. ಸ್ಟಿಕಿ ಕೀಸ್, ಫಿಲ್ಟರ್ ಕೀಸ್ ಮತ್ತು ಎಫ್ಎನ್ ಕೀಲಿಯ ಸ್ಥಿತಿ ಪರಿಶೀಲಿಸುವುದು.

3. ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿ, ಕ್ಯಾಪ್ಸ್ ಲಾಕ್ ಆರಿಸಿ ನೋಡುವುದು.

4. ಪುಟದ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಮತ್ತೆ ಒತ್ತುವುದು.

5. ಬೇರೆ ಜಾಲತಾಣದಲ್ಲಿ, ಆನಂತರ ಖಾಸಗಿ ಕಿಟಕಿಯಲ್ಲಿ, ಕೊನೆಗೆ ಬೇರೆ ಬ್ರೌಸರ್‌ನಲ್ಲಿ ಪ್ರಯತ್ನಿಸುವುದು.

6. ಎಕ್ಸ್‌ಟೆನ್ಷನ್‌ಗಳನ್ನೂ ಹಿನ್ನೆಲೆಯ ತಂತ್ರಾಂಶಗಳನ್ನೂ ಒಂದೊಂದಾಗಿ ನಿಲ್ಲಿಸುವುದು.

7. ಆ ಶಾರ್ಟ್‌ಕಟ್ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಬ್ರೌಸರ್‌ನ ಸಹಾಯ ಪುಟದಲ್ಲಿ ನೋಡುವುದು.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕೆಂಬುದು ಇಲ್ಲಿನ ಮುಖ್ಯ ನಿಯಮ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ತೊಂದರೆ ನಿವಾರಣೆಯಾದರೂ ಕಾರಣ ತಿಳಿಯದೆ ಉಳಿಯುತ್ತದೆ. ಈ ಏಳು ಹಂತ ಮುಗಿದರೂ ಕೀಲಿ ಮೌನವಾಗಿದ್ದರೆ ಮಾತ್ರ ಬ್ರೌಸರ್‌ನ ಮರುಸ್ಥಾಪನೆ ಅಥವಾ ಹೊಸ ಕೀಲಿಮಣೆಯ ಖರೀದಿಯನ್ನು ಯೋಚಿಸಬಹುದು. ಮರುಸ್ಥಾಪನೆಗೆ ಮುನ್ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳ ಪ್ರತಿ ತೆಗೆದಿಡುವುದನ್ನು ಮರೆಯಬಾರದು.